ಆಂಗ್ರಿ ಅಂದ್ರೆ ಸಿಟ್ಟಾ?

ರೂಮಿನಲ್ಲಿ ನಾವು ಮೂವರು: ಕುಂದಾಪುರದವ, ಬೈಂದೂರಿನವ, ಬ್ರಹ್ಮಾವರದವ. ತಾಲೂಕು ಮೂರಾದರೂ ಬೈಗುಳ ಒಂದೇ. ಕ್ಲಾಸಿನಲ್ಲಿ ಇಂಗ್ಲಿಷ್, ಬೆಂಗಳೂರಿನ ಗೆಳೆಯರ ಹತ್ರ ಪುಸ್ತಕದ ಕನ್ನಡ, ಬಾಗಿಲು ಹಾಕಿದ ಮೇಲೆ ಕುಂದಾಪ್ರ ಕನ್ನಡ. ಜಗಳವೂ ಅದರಲ್ಲೇ.

ಕಳೆದ ಸೆಮಿಸ್ಟರ್, ಪ್ರಾಜೆಕ್ಟ್ ರಿವ್ಯೂಗೆ ಒಂದು ವಾರ ಇರುವಾಗ, ಬೈಂದೂರಿನವ ಹೊಸ ಫೈಲಿನ ಮೇಲೆ ಹಳೆಯದನ್ನು ಸೇವ್ ಮಾಡಿಬಿಟ್ಟ. ಬ್ರಹ್ಮಾವರದವನ ನಾಲ್ಕು ದಿನದ ಕೋಡ್ ಹೋಯ್ತು. ಅವ ಕೂಗಲಿಲ್ಲ. ಪಕ್ಕದ ಮಂಚದಲ್ಲೇ ಕೂತು ವಾಟ್ಸಾಪ್ ಮಾಡಿದ: ‘ಐ ಆಮ್ ವೆರಿ ಆಂಗ್ರಿ ವಿತ್ ಯು.’

ಮೂರು ದಿನ ರೂಮಿನಲ್ಲಿ ಫ್ಯಾನಿನದ್ದು ಮಾತ್ರ ಸದ್ದು.

ಬೈದಿದ್ದರೆ ಸಂಜೆ ಚಹಾದ ಹೊತ್ತಿಗೆ ಮುಗೀತಿತ್ತು. ನಮ್ಮ ಕಡೆ ಸಿಟ್ಟು ‘ಬರ್ತದೆ’. ‘ನಂಗ್ ಸಿಟ್ಟ್ ಬಂತ್ ಕಾಣ್’ ಅಂದರೆ ಜ್ವರವೋ ಮಳೆಯೋ ನೆಂಟರೋ ಬಂದ ಹಾಗೆ, ಬಂದದ್ದು ಹೋಗಲೇಬೇಕು. ಮೇಳದ ಆಟದಲ್ಲಿ ರಾತ್ರಿಯಿಡೀ ಅಬ್ಬರಿಸಿದ ಬಣ್ಣದ ವೇಷವೂ ಬೆಳಿಗ್ಗೆ ಮುಖ ಒರೆಸಿ ಚಹಾ ಕುಡೀತದೆ. ಇಂಗ್ಲಿಷಿನಲ್ಲಿ ಹಾಗಲ್ಲ, ‘ಐ ಆಮ್ ಆಂಗ್ರಿ’. ಆ ಜನವೇ ಸಿಟ್ಟಾಗಿ ಕೂತ ಹಾಗೆ. ‘ಸಿಟ್ಟಾಗಿದ್ದೇನೆ’ ಅಂತ ಪುಸ್ತಕದಲ್ಲಿ ಉಂಟು, ನಿಜ. ನಮ್ಮ ಮನೆಗಳಲ್ಲಿ ಯಾರೂ ಹಾಗೆ ಹೇಳಿದ್ದು ಕೇಳಿಲ್ಲ.

ನಾಲ್ಕನೇ ದಿನ ಕುಂದಾಪುರದವ ಬೇರೆ ಕೆಲಸ ಇಲ್ಲದೆ ಡಿಕ್ಷನರಿ ತೆಗೆದ. ‘ಆಂಗರ್’ ಇಂಗ್ಲಿಷಿನ ಸ್ವಂತದ್ದೇ ಅಲ್ಲವಂತೆ. ವೈಕಿಂಗರ ಹಳೆಯ ನಾರ್ಸ್ ಭಾಷೆಯ ‘ಅಂಗ್ರ್’ನಿಂದ ಬಂದದ್ದು. ಅಲ್ಲಿ ಅದರ ಅರ್ಥ ದುಃಖ, ಸಂಕಟ. ಸುಮಾರು 800 ವರ್ಷದ ಹಿಂದೆ ಇಂಗ್ಲಿಷಿಗೆ ಬಂದಾಗಲೂ ಅದೇ ಅರ್ಥ. ಸಿಟ್ಟು ಆಮೇಲೆ ಸೇರಿಕೊಂಡದ್ದು. ಇನ್ನೂ ಹಿಂದೆ ಹೋದರೆ ಬೇರಿನ ಅರ್ಥ ಇಕ್ಕಟ್ಟು, ಬಿಗಿತ. ಪರೀಕ್ಷೆ ಹಿಂದಿನ ರಾತ್ರಿ ನಮಗೆಲ್ಲ ಬರುವ ‘ಆಂಗ್ಸೈಟಿ’ ಸಹ ಅದೇ ಬೇರಿನದ್ದು.

ನಮ್ಮಲ್ಲಿ ಇದಕ್ಕೆ ಹತ್ತಿರದ ಶಬ್ದ ‘ಬೇಜಾರ್’. ಅದೂ ಪರ್ಷಿಯನ್ನಿನಿಂದ ಬಂದ ನೆಂಟ. ಅಮ್ಮ ಫೋನಿನಲ್ಲಿ ‘ಬೇಜಾರಾಯ್ತ್’ ಅಂದರೆ ಅದು ಸಿಟ್ಟೋ, ದುಃಖವೋ, ಬರೀ ಹೊತ್ತು ಹೋಗದ್ದೋ ಅಂತ ಅವಳ ದನಿ ಕೇಳಿಯೇ ತಿಳೀಬೇಕು. ವಾಟ್ಸಾಪಿನಲ್ಲಿ ಆ ದನಿ ಇರುವುದಿಲ್ಲ.

ಡಿಕ್ಷನರಿಯಲ್ಲಿ ಇದ್ದದ್ದನ್ನು ಮೆಸ್ಸಿನಲ್ಲಿ ಗಟ್ಟಿಯಾಗಿ ಓದಿದ್ದಾಯ್ತು. ಬ್ರಹ್ಮಾವರದವ ತಟ್ಟೆ ನೋಡ್ತಾ, ‘ಸಿಟ್ಟ್ ಅಲ್ಲ ಅದ್. ಬೇಜಾರ್’ ಅಂದ.

‘ಗೊತ್ತಾಯ್ತ್ ಮರಾಯಾ’ ಅಂದ ಬೈಂದೂರಿನವ. ಊಟ ಮುಗಿಸಿ ರೂಮಿಗೆ ಬಂದವನೇ ಅವನ ಲ್ಯಾಪ್‌ಟಾಪ್ ಎಳಕೊಂಡು ಮೊದಲ ಸಾಲಿನಿಂದ ಟೈಪ್ ಮಾಡಲಿಕ್ಕೆ ಕೂತ.