ಒಂದು ಗೆರೆ, ಹನ್ನೊಂದು ದಿನದ ಕೂಲಿ

ಬರೆಯಲೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ತಪ್ಪು ನನ್ನದೇ ನೋಡಿ, ಹೇಳಿಕೊಳ್ಳಲು ನಾಚಿಕೆ. ಆದರೂ ನಮ್ಮ ಕನ್ನಡ ಶಾಲೆಗಳವರಿಗೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತಿದ್ದೇನೆ.

ತಾಳವಾಡಿ ಕಡೆ ಕನ್ನಡ ಮಾಧ್ಯಮದಲ್ಲಿ ನನ್ನ ಹತ್ತಿರ ಓದಿದ ಹುಡುಗನೊಬ್ಬ ಈಗ ಕೀಳ್ ಕೋತಗಿರಿಯಲ್ಲಿ ಟೀ ಎಲೆ ತೂಕ ಹಾಕುವ ಕೆಲಸದಲ್ಲಿದ್ದಾನೆ. ಪ್ರತಿ ವರ್ಷ ಒಪ್ಪಂದಕ್ಕೆ ಹೊಸದಾಗಿ ಸಹಿ ಹಾಕಬೇಕು. "ಮೇಷ್ಟ್ರೇ, ಇಂಗ್ಲಿಷ್‌ನಲ್ಲಿ ಒಂದು ಅರ್ಜಿ ಬರೆದುಕೊಡಿ" ಅಂದ. ಮತ್ತೆ ಸಹಿ ಹಾಕುವುದಕ್ಕೆ 'ರೀ-ಸೈನ್' ಅಂತ ಬರೆಯಬೇಕಿತ್ತು. ನಾನು ನಡುವಿನ ಗೆರೆ ಬಿಟ್ಟೆ. ಗೆರೆ ಇಲ್ಲದಿದ್ದರೆ ಅದು 'ರಿಸೈನ್', ಅಂದರೆ ರಾಜೀನಾಮೆ! ಕಚೇರಿಯವರು ಇದ್ದದ್ದನ್ನು ಇದ್ದ ಹಾಗೆ ಓದಿ ಅವನ ಹೆಸರು ತೆಗೆದುಬಿಟ್ಟರು. ಎಲ್ಲ ಸರಿಹೋಗುವಷ್ಟರಲ್ಲಿ ಹನ್ನೊಂದು ದಿನದ ಕೂಲಿ ಹೋಗಿತ್ತು.

ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು. ಒಂದು ಭಾನುವಾರ ಬಸ್ಸು ಹತ್ತಿದೆ. ದಿಂಬಂ ಇಳಿದು, ಸತ್ಯಮಂಗಲ, ಮೇಟ್ಟುಪಾಳ್ಯಂ ದಾಟಿ ಕೋತಗಿರಿ ಘಟ್ಟ. ದಾರಿಯುದ್ದಕ್ಕೂ ಇಂಗ್ಲಿಷ್ ಬೋರ್ಡುಗಳನ್ನೇ ನೋಡುತ್ತಿದ್ದೆ. ಒಂದರಲ್ಲಿ ಕೀಳ್ ಕೋತಗಿರಿ ಎರಡು ಪದ, ಒಂದರಲ್ಲಿ ನಡುವೆ ಗೆರೆ, ಇನ್ನೊಂದರಲ್ಲಿ ಕೂಡಿಸಿ ಒಂದೇ ಪದ. (ಕೀಳ್ ಅಂದರೆ ಕೆಳಗಿನದು ಅಷ್ಟೇ, ಹಳಗನ್ನಡದಲ್ಲಿರುವ ಹಾಗೆ. ಬೈಗುಳ ಅಲ್ಲ!) ಊರಿನ ಹೆಸರಿಗೆ ಹೇಗಿದ್ದರೂ ನಡೆಯುತ್ತದೆ, ಅರ್ಜಿಗೆ ನಡೆಯೋಲ್ಲ.

ಅವನ ಮಗಳು ಏಳನೇ ತರಗತಿ. ಕಾಫಿ ಬರುವಷ್ಟರಲ್ಲಿ ಅವಳನ್ನು ಹಿಡಿದುಕೊಂಡು ಕೂತೆ. ಮೇಷ್ಟ್ರ ಚಟ, ಏನು ಮಾಡೋದು...

ನೀಲಗಿರಿಯಲ್ಲಿ ದಿನಾ ಕಿವಿಗೆ ಬೀಳುವ ಮಾತು 'ಸ್ಮಾಲ್ ಟೀ ಗ್ರೋವರ್'. "ಸಣ್ಣದು ಯಾವುದಮ್ಮ, ಟೀನಾ, ಬೆಳೆಗಾರನಾ?" ಅಂತ ಕೇಳಿದೆ. ನಕ್ಕಳು. ಟೀ ಬೋರ್ಡಿನ ಲೆಕ್ಕದಲ್ಲಿ 10.12 ಹೆಕ್ಟೇರ್ ಒಳಗೆ ಟೀ ಬೆಳೆಯುವವನು ಸಣ್ಣ ಬೆಳೆಗಾರ. 'ಸ್ಮಾಲ್-ಟೀ ಗ್ರೋವರ್' ಅಂತ ಗೆರೆ ಹಾಕಿದರೆ ಟೀಯೇ ಸಣ್ಣದಾಗಿಬಿಡುತ್ತದೆ. ಇಲ್ಲಿ ಎಲ್ಲರಿಗೂ ಅರ್ಥ ಗೊತ್ತು, ಆದ್ದರಿಂದ ಯಾರೂ ಗೆರೆ ಹಾಕುವುದಿಲ್ಲ, ಸರಿಯೇ. ಅರ್ಥ ಕೆಡುವ ಕಡೆ ಮಾತ್ರ ಬಿಡಬಾರದು. 2014ರ ಜನವರಿಯಲ್ಲಿ ಊಟಿ ಸುತ್ತ ಮೂವರನ್ನು ಕೊಂದ ಹುಲಿಯನ್ನು ಗುಂಡಿಟ್ಟು ಕೊಂದರಲ್ಲ, ಅದು 'ಮ್ಯಾನ್-ಈಟಿಂಗ್ ಟೈಗರ್'. ಗೆರೆ ತೆಗೆದರೆ ಮನುಷ್ಯನೇ ಹುಲಿ ತಿನ್ನುತ್ತಾ ಕೂತ ಹಾಗೆ!

ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡಲು ಒಂದು ಸುಲಭ ದಾರಿ ಇದೆ, ಆದೇಶ ಸಂಧಿ. ಮಳೆ, ಕಾಲ ಸೇರಿದರೆ ಮಳೆಗಾಲ. ಕಕಾರ ಗಕಾರವಾದದ್ದೇ ಎರಡೂ ಸೇರಿದವು ಅನ್ನುವುದಕ್ಕೆ ಗುರುತು. ಇಂಗ್ಲಿಷಿನಲ್ಲಿ ಹೀಗೆ ಅಕ್ಷರ ಬದಲಾಗುವುದಿಲ್ಲ, ಪಾಪ, ಅದಕ್ಕೇ ಗೆರೆ ಎಳೆಯುತ್ತಾರೆ. ಎರಡು ಮೂರು ಪದ ಸೇರಿ ಒಂದೇ ವಿಶೇಷಣವಾಗಿ ನಾಮಪದದ ಮುಂದೆ ನಿಂತರೆ ಹೈಫನ್: 'ಫೈವ್-ಇಯರ್-ಓಲ್ಡ್ ಚೈಲ್ಡ್'. ಅದೇ ಮಾತು ನಾಮಪದದ ನಂತರ ಬಂದರೆ ಬೇಡ: 'ದಿ ಚೈಲ್ಡ್ ಈಸ್ ಫೈವ್ ಇಯರ್ಸ್ ಓಲ್ಡ್'. ಇಪ್ಪತ್ತೊಂದರಿಂದ ತೊಂಬತ್ತೊಂಬತ್ತರವರೆಗೆ ಅಕ್ಷರದಲ್ಲಿ ಬರೆಯುವಾಗ ಹೈಫನ್ ಬೇಕು, ಇಪ್ಪತ್ತು, ಮೂವತ್ತಕ್ಕೆ ಬೇಡ. ಇಂಥ ಪದಗಳಲ್ಲಿ ಗೆರೆಯ ಆಚೀಚೆ ಜಾಗ ಬಿಡಬಾರದು. ಮಾತಿನ ನಡುವೆ ತಡೆದು ನಿಲ್ಲಿಸುವ ಉದ್ದ ಗೆರೆ ಬೇರೆ, ಅದು ಡ್ಯಾಶ್. ನಾನೇ ಎಷ್ಟೋ ವರ್ಷ ಎರಡನ್ನೂ ಒಂದೇ ಅಂತ ಬೋರ್ಡಿನ ಮೇಲೆ ಎಳೆದಿದ್ದೇನೆ.

ಹುಡುಗಿ ಎಲ್ಲ ಕೇಳಿಸಿಕೊಂಡಳು. ಅಪ್ಪನ ಹಳೆ ಅರ್ಜಿಯ ನಕಲನ್ನು ತಿರುಗಿಸಿ ನೋಡಿದಳು.

"ತಾತ, 'ರಿನ್ಯೂ' ಅಂತ ಬರೆದಿದ್ದರೆ ಗೆರೆಯೇ ಬೇಕಾಗಿರಲಿಲ್ಲ ಅಲ್ವಾ?"

ಕಾಫಿ ಬಂತು, ಸದ್ಯ.