ಕೇಳುವವರೂ ಉತ್ತರಿಸುವವರೂ

ಗುಂಡ್ಲುಪೇಟೆಯಿಂದ ಉದಕಮಂಡಲದ ಹೆದ್ದಾರಿಯಲ್ಲಿ ಹೊರಟು ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಬೆಟ್ಟವು 1454 ಮೀಟರು ಎತ್ತರವುಳ್ಳದ್ದು. ಸುತ್ತಲೂ ಬಂಡೀಪುರದ ಅರಣ್ಯ. ಸ್ವಾಮಿಯ ದರ್ಶನಕ್ಕೆ ಬಂದವರು ಗುಡಿಯನ್ನು ಮುಸುಕಿದ ಮಂಜನ್ನು ಕಂಡು ಹಿಗ್ಗುತ್ತಾರೆ. ಚಳಿಯಲ್ಲಿ ನಡುಗುವುದೂ ಅವರಿಗೆ ಒಂದು ವಿನೋದವೇ. ಆದರೆ ಇದೇ ಜಿಲ್ಲೆಯ ಕಾಡಿನ ಹಾಡಿಗಳಲ್ಲಿ ಚಳಿಯೆಂದರೆ ಬೆದರುವವರೂ ಇದ್ದಾರೆ. ಸಿಕಲ್ ಸೆಲ್ ಎಂಬ ವಂಶಾನುಗತವಾದ ರೋಗವುಳ್ಳವರು ಅವರು. ದುಂಡಗಿರಬೇಕಾದ ರಕ್ತದ ಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆ ಮೂಳೆಗಳಲ್ಲಿ ತಡೆಯಲಾರದ ನೋವನ್ನು ಹುಟ್ಟಿಸುತ್ತವೆ. ಚಳಿ, ಬಾಯಾರಿಕೆ, ಮಿತಿಮೀರಿದ ದುಡಿಮೆ, ಇವು ಆ ನೋವನ್ನು ಕರೆತರತಕ್ಕವು.

ಬೆಟ್ಟದ ತೆಂಕಣಕ್ಕೆ ನೀಲಗಿರಿಯ ಸಾಲು ಇದೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ಆ ಸೀಮೆಯ ಗಿರಿಜನರ ರಕ್ತವನ್ನು ಪರೀಕ್ಷಿಸಿ ಈ ಲಕ್ಷಣವಿರುವುದನ್ನು ಪ್ರಕಟಿಸಿದರು. ಭಾರತದಲ್ಲಿ ಇದರ ವಿಷಯವಾಗಿ ಬಂದ ಮೊದಲ ವರದಿಗಳಲ್ಲಿ ಅದೂ ಒಂದು. ಅಂದಿನಿಂದ ಈ ಕಾಡುಗಳಿಗೆ ಎಣಿಸುವವರು ಬರುತ್ತಲೇ ಇದ್ದಾರೆ. ರಕ್ತವನ್ನು ಕೊಟ್ಟವರಿಗೆ ತಿರುಗಿ ಏನು ಬಂದಿತೆಂಬ ಪ್ರಶ್ನೆಯು ಮಾತ್ರ ಹಳೆಯದಾಗಿಲ್ಲ.

ಈಗ ಎಣಿಕೆಯ ಬಗೆ ಬದಲಾಗಿದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಸಿಕಲ್ ಸೆಲ್ ನಿರ್ಮೂಲನದ ರಾಷ್ಟ್ರೀಯ ಅಭಿಯಾನವು ಆರಂಭವಾಯಿತು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ, 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು ಅದರ ಉದ್ದೇಶ. 2047ರೊಳಗೆ ರೋಗವನ್ನು ತೊಲಗಿಸುವುದು ಗುರಿ. ಪರೀಕ್ಷೆಯ ಫಲವೆಲ್ಲವೂ ಮೊಬೈಲಿನ ಮೂಲಕ ಒಂದು ಕಣಜಕ್ಕೆ ಸೇರತಕ್ಕದ್ದು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರಣೆಯೂ ಹಾಗೆಯೇ. 30 ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯು ಹೋಗಿ ಗೊತ್ತಾದ ಪ್ರಶ್ನೆಗಳನ್ನು ಕೇಳಿ, ಪ್ರತಿಯೊಂದು ಉತ್ತರಕ್ಕೂ ಅಂಕ ಹಾಕುತ್ತಾಳೆ. ಒಟ್ಟು 4ನ್ನು ಮೀರಿದವರನ್ನು ತಪಾಸಣೆಗೆ ಮೊದಲು ಕರೆಯಬೇಕೆಂಬುದು ಕ್ರಮ.

ಆ ಪ್ರಶ್ನೆಗಳಲ್ಲಿ ಒಂದು, ವಾರಕ್ಕೆ 150 ನಿಮಿಷವಾದರೂ ಮೈಗೆ ವ್ಯಾಯಾಮವುಂಟೆ ಎಂಬುದು. ಕಾಡಂಚಿನ ಊರೊಂದರ ಮುದುಕಿಯ ಮುಂದೆ ಇದನ್ನು ಓದಿದರೆ ಆಕೆ ಏನೆಂದಾಳು? "ಅದೇನೋ ನಂಗೆ ಗೊತ್ತಿಲ್ಲ ಕಣವ್ವ. ಹೊತ್ತಾರೆಯಿಂದ ದನದಿಂದೆ ಹೋಯ್ತೀನಿ, ಹೊಲ್ದಲ್ಲಿ ಕಳೆ ಕೀಳ್ತೀನಿ. ಅದೂ ಲೆಕ್ಕಕ್ಕೆ ಸೇರ್ತದಾ?" ಎಂದಾಳು. ಆಗ ಪ್ರಶ್ನೆಯನ್ನು ಬದುಕಿನ ಭಾಷೆಗೆ ತಿರುಗಿಸಬೇಕಾದವಳು ಆಶಾ ಕಾರ್ಯಕರ್ತೆಯೇ. ಯಂತ್ರಕ್ಕೆ ಹೌದು, ಇಲ್ಲ ಎಂಬೆರಡೇ ತಿಳಿಯುವುದು. ಅವೆರಡರ ನಡುವೆ ಇರುವ ಮುದುಕಿಯನ್ನು ತಿಳಿಯುವುದಕ್ಕೆ ಮನುಷ್ಯರೇ ಬೇಕು.

ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. ಕಾಗದದ ಪುಸ್ತಕವು ಮಳೆಯಲ್ಲಿ ನೆನೆದು, ಕಪಾಟಿನಲ್ಲಿ ಗೆದ್ದಲು ಹಿಡಿದು ಹೋಗುತ್ತಿದ್ದುದನ್ನು ಬಲ್ಲವರು ಹಾಗೆ ಹಳಿಯಲಾರರು. ಹಂಗಳದಲ್ಲಿ ಬರೆದುದು ಮೈಸೂರಿನ ವೈದ್ಯನಿಗೆ ಒಡನೆಯೇ ಕಾಣುವಂತಾದರೆ, ಮಧ್ಯರಾತ್ರಿ ನೋವಿನಿಂದ ಬಂದ ರೋಗಿಯು ತನ್ನ ಚರಿತ್ರೆಯನ್ನು ಮೊದಲಿನಿಂದ ಹೇಳಬೇಕಾಗಿಲ್ಲ. ಇದು ಸಣ್ಣ ಉಪಕಾರವಲ್ಲ.

ತೊಡಕಿರುವುದು ಬೇರೆ ಕಡೆ. 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಹರಡಿದ ಆರೋಗ್ಯದ ಗುರುತುಸಂಖ್ಯೆಯು 14 ಅಂಕಿಗಳದು. ಆಧಾರಿನ ಮೂಲಕ ಅದನ್ನು ಪಡೆಯುವುದಕ್ಕೆ ಸಾಮಾನ್ಯವಾಗಿ ಫೋನಿಗೆ ಬರುವ ಗುಟ್ಟಿನ ಅಂಕಿಯನ್ನು ಹೇಳಬೇಕಾಗುತ್ತದೆ. ಮನೆಗೆಲ್ಲ ಇರುವ ಒಂದೇ ಫೋನು ಕೊಡಗಿನ ತೋಟಕ್ಕೆ ಕೂಲಿಗೆ ಹೋದ ಮಗನ ಜೇಬಿನಲ್ಲಿದ್ದರೆ, ತಾಯಿಯ ಅಂಕಿಯು ಕೊಡಗಿಗೆ ಹೋಗಿ ಕುಳಿತಿರುತ್ತದೆ. ಸಮೀಕ್ಷೆಯ ದಿನ ನೋವಿನಿಂದ ಮಲಗಿದವನು ಉತ್ತರ ಕೊಡಲಾರ. ಆಸ್ಪತ್ರೆಯಲ್ಲಿರುವವನು ಮನೆಯಲ್ಲಿ ಸಿಕ್ಕಲಾರ. ಸಿಗ್ನಲ್ಲು ಸಿಕ್ಕದ ಹಾಡಿಯು ಪಟ್ಟಿಯಲ್ಲಿ ಮೂಡದು. ರೋಗವು ಯಾರಿಗೆ ಬಲವಾಗಿದೆಯೋ ಅವರೇ ಲೆಕ್ಕದಿಂದ ಮೊದಲು ಜಾರುತ್ತಾರೆ. ಉಳಿದವರ ಸರಾಸರಿಯನ್ನು ನೋಡಿದ ಅಧಿಕಾರಿಗೆ ಸೀಮೆಯು ಇದ್ದುದಕ್ಕಿಂತ ಆರೋಗ್ಯವಾಗಿ ತೋರುತ್ತದೆ. ಔಷಧಿಯೂ ಆ ಲೆಕ್ಕದಂತೆಯೇ ಬರುತ್ತದೆ. ಆದುದರಿಂದ ಬಾರದ ಉತ್ತರವನ್ನು ಸೊನ್ನೆಯೆಂದು ಎಣಿಸತಕ್ಕದ್ದಲ್ಲ. ಅದು ಆ ಮನೆಗೆ ಮತ್ತೊಮ್ಮೆ ಹೋಗಬೇಕೆಂಬ ಸೂಚನೆ.

ಉತ್ತರಿಸಿದವರಿಗೂ ಅಳುಕುಂಟು. ಸಿಕಲ್ ಸೆಲ್ ಪರೀಕ್ಷೆಯ ಫಲವನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ರೋಗದ ಅಂಶವನ್ನು ಹೊತ್ತ ಇಬ್ಬರು ಮದುವೆಯಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವವಿದೆ. ಅದನ್ನು ಮೊದಲೇ ತಿಳಿಸುವುದು ಚೀಟಿಯ ಉಪಯೋಗ. ಆದರೆ ಅದೇ ಚೀಟಿಯು ಊರ ಬಾಯಿಗೆ ಬಿದ್ದರೆ ಒಬ್ಬ ಹುಡುಗಿಯ ಮದುವೆಯೇ ನಿಂತೀತು. ಒಪ್ಪಿಗೆಯು ಸ್ವೇಚ್ಛೆಯಿಂದಲೂ ತಿಳಿವಳಿಕೆಯಿಂದಲೂ ಕೂಡಿರಬೇಕೆಂದು 2023ರ ದತ್ತಾಂಶ ರಕ್ಷಣೆಯ ಕಾಯಿದೆಯು ಹೇಳುತ್ತದೆ. ಮುದುಕಿಯ ಬೆರಳನ್ನು ಹಿಡಿದು ಗಾಜಿಗೆ ಒತ್ತಿಸಿದ ಮಾತ್ರಕ್ಕೆ ಅಂಥ ಒಪ್ಪಿಗೆ ಆಗುವುದಿಲ್ಲ. ಯಾರು ನೋಡುವರು, ಏತಕ್ಕೆ ನೋಡುವರು, ಒಲ್ಲೆನೆಂದರೆ ಔಷಧಿ ನಿಲ್ಲುವುದೋ ಎಂಬ ಮೂರು ಮಾತುಗಳನ್ನು ಅವಳ ನುಡಿಯಲ್ಲಿ ಹೇಳಿದಮೇಲೆ ಅವಳು ತಲೆಯಾಡಿಸಿದರೆ ಅದು ಒಪ್ಪಿಗೆ.

ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾಕ್ಟರ್ ಎಚ್. ಸುದರ್ಶನರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ ಸೋಲಿಗರ ನಡುವೆ ನೆಲೆಸಿದರು. ಅಲ್ಲಿ ಚಿಕಿತ್ಸೆಯೂ ಶಾಲೆಯೂ ಜೊತೆಯಾಗಿ ಬೆಳೆದುವು. ಜೊತೆಯಲ್ಲಿ ಬಾಳಿದವನು ಕೇಳಿದ ಪ್ರಶ್ನೆಗೆ ಜನರು ಮನಸ್ಸು ಬಿಚ್ಚಿ ಉತ್ತರಿಸುವುದು ಸಹಜ. ವರ್ಷಕ್ಕೊಮ್ಮೆ ಬಂದು ಅಂಕಿ ಬರೆದುಕೊಂಡು ಹೋಗುವವನಿಗೆ, ಎರಡನೆಯ ವರ್ಷ ಬಾಗಿಲು ಅರ್ಧ ಮಾತ್ರ ತೆರೆದೀತು; ಮೂರನೆಯ ವರ್ಷ ಎಲ್ಲಕ್ಕೂ "ಹೂಂ" ಎಂಬುದೇ ಉತ್ತರ.

ಬಹುದಿನದ ರೋಗಿಯು ಹೇಳುವ ಉತ್ತರವು ಪುಕ್ಕಟೆಯಾದುದಲ್ಲ. ನೋವಿಲ್ಲದ ಒಂದು ಗಳಿಗೆಯನ್ನು, ಕೂಲಿಯ ಅರ್ಧ ದಿನವನ್ನು, ಮನೆಯ ಗುಟ್ಟೊಂದನ್ನು ತೆತ್ತು ಅವನು ಅದನ್ನು ಕೊಡುತ್ತಾನೆ. ಕೇಳಿದವರು ಅದಕ್ಕೆ ಸಾಲಗಾರರು. ಸಿಕಲ್ ಸೆಲ್ ರೋಗಿಗೆ ನೋವಿನ ಸರದಿಯನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯ ಎಂಬ ಔಷಧಿಯಿದೆ. ಮನೆಯ ಬಾಗಿಲಿಗೆ ಪ್ರಶ್ನೆಯು ಹೋಗಬಲ್ಲುದಾದರೆ ವೈದ್ಯರ ಸಲಹೆಯೊಡನೆ ಆ ಔಷಧಿಯೂ ಹೋಗಬಲ್ಲುದು. ಅದು ತಪ್ಪದೆ ಮುಟ್ಟುವ ಊರಿನಲ್ಲಿ ಮುಂದಿನ ಸಮೀಕ್ಷೆಗೆ ಜನರನ್ನು ಒತ್ತಾಯಿಸಬೇಕಾಗಿ ಬರುವುದಿಲ್ಲ.