ತುದಿ ಕತ್ತರಿಸಿದ ಹಾಡು

ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಅಜ್ಜಿಯ ದನಿ ಉಳಿದಿರುವುದು ಮೊಮ್ಮಗನ ಕಂಪ್ಯೂಟರಿನಲ್ಲಿ ಮಾತ್ರ. ವರ್ಷದ ತಿಥಿಗೆ ಬರುವ ಬಂಧುಗಳಿಗೆ ಅವರ ಹಾಡು ಕೇಳಿಸಬೇಕೆಂದು ಪಿಯುಸಿ ಓದುವ ಆ ಹುಡುಗ ಧ್ವನಿಮಟ್ಟವನ್ನು ಏರಿಸುತ್ತಾ ಹೋದ. ಮೆಲುದನಿ ಸ್ಪಷ್ಟವಾಯಿತು. ಆದರೆ ತಾರಸ್ಥಾಯಿಗೆ ಬಂದೊಡನೆ ಹಾಡು ಗರಗರ ಎಂದಿತು.

“ನಮ್ಮಮ್ಮನ ದನಿ ಹೀಗಿರಲಿಲ್ಲ ಕಣೋ” ಎಂದರು ತಾಯಿ.

16 ಬಿಟ್‌ನ ಧ್ವನಿಮುದ್ರಣಕ್ಕೆ ಇರುವುದು 65,536 ಮೆಟ್ಟಿಲು. ಅದರಾಚೆ ಬರೆಯಲು ಅಂಕೆಯೇ ಇಲ್ಲ. ಮೀರಿದ ಅಲೆಯ ತುದಿ ಕತ್ತರಿಸಿ ಚಪ್ಪಟೆಯಾಗುತ್ತದೆ; ಇದೇ ಕ್ಲಿಪಿಂಗ್. ಹಾಡಿನಲ್ಲಿಲ್ಲದ ಕಂಪನಗಳು ಹುಟ್ಟಿ ಕರ್ಕಶವಾಗುತ್ತದೆ. ಹೋದ ತುದಿಯನ್ನು ಇದ್ದ ಹಾಗೆಯೇ ಮರಳಿ ತರಲಾಗದು.

ಪುಣ್ಯಕ್ಕೆ ಮೂಲಪ್ರತಿಯನ್ನು ಹುಡುಗ ಬೇರೆ ಇಟ್ಟಿದ್ದ. ಈ ಸಲ ಮೊದಲು ಕಂಪ್ರೆಸರ್ ಬಳಸಿದ. ಅನುಪಾತ 4:1 ಎಂದರೆ, ಗೊತ್ತುಪಡಿಸಿದ ಗೆರೆಯನ್ನು 8 ಡೆಸಿಬೆಲ್ ಮೀರುವ ದನಿ 2 ಡೆಸಿಬೆಲ್ ಮಾತ್ರ ಮೀರುತ್ತದೆ. ಬಳಿಕ ಒಟ್ಟು ಮಟ್ಟ ಏರಿಸಿ, ಗರಿಷ್ಠಕ್ಕಿಂತ 1 ಡೆಸಿಬೆಲ್ ಕೆಳಗೆ ಲಿಮಿಟರ್ ಇಟ್ಟ. ಅದು ಯಾವ ತುದಿಯನ್ನೂ ಗೆರೆ ದಾಟಲು ಬಿಡದ ಕಾವಲುಗಾರ. ತೀರ ಒತ್ತಿದರೆ ಹಾಡಿನ ಏರಿಳಿತವೇ ಸತ್ತೀತೆಂದು ಎರಡನ್ನೂ ಹಿತಮಿತವಾಗಿಯೇ ಬಳಸಿದ.

ತಿಥಿಯ ದಿನ ಹಾಡು ಮುಗಿಯಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದು ಸಲ ಹಾಕೋ” ಎಂದರು.